ನದಿಯ ಹೊತ್ತುಗೊತ್ತು ತಪ್ಪಿದಾಗ

ಸಂಜೆ ಹೊತ್ತಿಗೆ ಒಂದು ಪುಟ್ಟ ಕೀಟ ನದಿಯ ಅಂಚಿಗೆ ಬರುತ್ತದೆ. ನೀರು ತಾಗುವ ಕಲ್ಲು ಹುಡುಕಿ, ಸರಿಯಾಗಿ ನೀರಿನ ಮಟ್ಟದಲ್ಲೇ ಮೊಟ್ಟೆಗಳನ್ನು ಅಂಟಿಸಿ ಹೋಗುತ್ತದೆ. ಬೆಳಗಾಗುವುದರೊಳಗೆ ನದಿ ಅಲ್ಲಿಂದ ಕೆಳಗಿಳಿದು ಹೋಗಬಹುದು ಎಂಬುದು ಅದಕ್ಕೆ ಗೊತ್ತೇ ಇಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲ.

ಅಮೆರಿಕದ ಕೊಲರಾಡೊ ನದಿಯಲ್ಲಿ ದಿನಾ ನಡೆಯುವುದು ಇದೇ. ಅಲ್ಲಿನ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು 1963ರಲ್ಲಿ ನೀರು ಹಿಡಿಯಲು ಶುರು ಮಾಡಿತು. ಜನ ಕರೆಂಟ್ ಜಾಸ್ತಿ ಬಳಸುವ ಹೊತ್ತಿಗೆ ಟರ್ಬೈನ್‌ಗಳಿಗೆ ಹೆಚ್ಚು ನೀರು ಬಿಡುತ್ತಾರೆ, ಊರು ಮಲಗಿದ ಮೇಲೆ ಕಡಿಮೆ ಮಾಡುತ್ತಾರೆ. ಕೆಳಗಿನ ನದಿ ದಿನವೂ ಏರುತ್ತದೆ, ಇಳಿಯುತ್ತದೆ. ನೀರು ಏರಿದ್ದಾಗ ಇಟ್ಟ ಮೊಟ್ಟೆಗಳು ಇಳಿದಾಗ ಕಲ್ಲಿನ ಮೇಲೆ ಒಣಗಿಹೋಗುತ್ತವೆ. ಕೀಟ ಹೋದರೆ ಹೋಗಲಿ ಅನ್ನುವ ಹಾಗಿಲ್ಲ. ಮೀನು, ಬಾವಲಿ, ಜೇಡ, ಹಕ್ಕಿಗಳಿಗೆಲ್ಲ ಅದೇ ಊಟ ಅಲ್ವಾ?

2018ರಲ್ಲಿ ವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ವಾರದ ಕೊನೆಯಲ್ಲಿ ಕರೆಂಟಿಗೆ ಬೇಡಿಕೆ ಕಡಿಮೆ. ಆದ್ದರಿಂದ ಮೇ ತಿಂಗಳಿಂದ ಆಗಸ್ಟ್‌ವರೆಗೆ ಶನಿವಾರ, ಭಾನುವಾರ ನೀರನ್ನು ತಗ್ಗಿಸಿ ಒಂದೇ ಮಟ್ಟದಲ್ಲಿ ಇಟ್ಟರು. ಆ ಎರಡು ದಿನ ಇಟ್ಟ ಮೊಟ್ಟೆಗಳು ಸೋಮವಾರದಿಂದ ನೀರು ಮತ್ತೆ ಏರಿಳಿದರೂ ಒದ್ದೆಯಾಗಿಯೇ ಉಳಿದವು. ಆ ಬೇಸಿಗೆಯಲ್ಲಿ ಕ್ಯಾಡಿಸ್ ಎಂಬ ಕೀಟಗಳು ಎದ್ದು ಕಾಣುವಷ್ಟು ಹೆಚ್ಚಿದವು. ಅಣೆಕಟ್ಟು ಎಷ್ಟು ನೀರು ಬಿಡುತ್ತದೆ ಎಂದು ಎಲ್ಲರೂ ಕೇಳುತ್ತೇವೆ. ಯಾವಾಗ, ಹೇಗೆ ಬಿಡುತ್ತದೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ ಅಂತ ನನಗೆ ಮನವರಿಕೆಯಾದದ್ದು ಇದನ್ನು ಓದಿದಾಗ.

ನೀರಿನ ಬಿಸಿಯೂ ಬದಲಾಗುತ್ತದೆ. ದೊಡ್ಡ ಜಲಾಶಯದ ತಳಕ್ಕೆ ಬಿಸಿಲು ಮುಟ್ಟುವುದಿಲ್ಲ. ಆಳದಿಂದ ಹೊರಬಿಟ್ಟ ನೀರು ಬೇಸಿಗೆಯಲ್ಲೂ ತಣ್ಣಗೆ ಕೊರೆಯುತ್ತದೆ. ಕೊಲರಾಡೊದಲ್ಲಿ ಮೊದಲು ಬೇಸಿಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದ ನೀರು, ಅಣೆಕಟ್ಟು ಬಂದ ಮೇಲೆ ದಶಕಗಳ ಕಾಲ 10 ಡಿಗ್ರಿ ಆಸುಪಾಸಿನಲ್ಲೇ ಇತ್ತು. ಬೆಚ್ಚನೆ ನೀರಿಗೆ ಕಾದು ಮೊಟ್ಟೆಯಿಡುವ ಅಲ್ಲಿನ ಗೂನುಬೆನ್ನಿನ ಚಬ್ ಮೀನು ಹೆಚ್ಚಾಗಿ ಒಂದು ಉಪನದಿಯನ್ನೇ ನೆಚ್ಚಿಕೊಳ್ಳಬೇಕಾಯಿತು.

ಇನ್ನು ಹೂಳು. ಜಲಾಶಯದಲ್ಲಿ ನೀರು ನಿಂತರೆ ಅದು ಹೊತ್ತು ತಂದ ಮಣ್ಣು ತಳ ಸೇರುತ್ತದೆ. ಹೊರಬರುವುದು ತಿಳಿನೀರು. ಹೊರೆ ಕಳೆದುಕೊಂಡ ಆ ನೀರು ಕೆಳಗಿನ ದಂಡೆಯನ್ನೂ ತಳವನ್ನೂ ಕೊರೆಯುತ್ತಾ ಹೋಗುತ್ತದೆ. ಅದರ ಪೆಟ್ಟು ಸಮುದ್ರದವರೆಗೂ ಮುಟ್ಟುತ್ತದೆ. ಈಜಿಪ್ಟಿನ ನೈಲ್ ನದಿಯ ಪ್ರವಾಹ ಪ್ರತಿವರ್ಷ ಕಡಲಿಗೆ ಪೋಷಕಾಂಶ ಒಯ್ಯುತ್ತಿತ್ತು. ಅದನ್ನುಂಡು ಸೂಕ್ಷ್ಮಜೀವಿಗಳು ಬೆಳೆಯುತ್ತಿದ್ದವು, ಅವನ್ನು ತಿಂದು ಸಾರ್ಡೀನ್ ಮೀನು. 1964ರಿಂದ ಆಸ್ವಾನ್ ಅಣೆಕಟ್ಟು ಆ ಪ್ರವಾಹವನ್ನು ತಡೆಹಿಡಿಯಿತು. 1962ರಲ್ಲಿ ಸುಮಾರು 18,000 ಟನ್ ಇದ್ದ ಸಾರ್ಡೀನ್ ಇಳುವರಿ, ಆ ದಶಕದ ಕೊನೆಗೆ ಕೆಲವೇ ನೂರು ಟನ್‌ಗೆ ಕುಸಿದಿತ್ತು. ಮಣ್ಣು ಸಿಗದ ನೈಲ್ ಮುಖಜಭೂಮಿಯ ಅಂಚನ್ನು ಅಲೆಗಳು ಇಂದಿಗೂ ತಿನ್ನುತ್ತಿವೆ.

ಅಮೆರಿಕದ ಎಲ್ವಾ ನದಿಯಲ್ಲಿ ಇದೇ ಕಥೆ ಹಿಂದಕ್ಕೆ ಓಡಿತು. ಅಲ್ಲಿನ ಎರಡು ಹಳೆಯ ಅಣೆಕಟ್ಟುಗಳನ್ನು 2011ರಿಂದ 2014ರ ನಡುವೆ ಕೆಡವಿದರು. ಸುಮಾರು ನೂರು ವರ್ಷ ಸಿಕ್ಕಿಕೊಂಡಿದ್ದ ಮರಳು, ಮಣ್ಣು ಕಡಲಿನತ್ತ ಹೊರಟಿತು. ಸವೆದುಹೋಗಿದ್ದ ನದೀಮುಖದಲ್ಲಿ ಹೊಸ ಮರಳದಂಡೆ ಎದ್ದಿತು. ಸಾಲ್ಮನ್ ಮೀನುಗಳು, ಗೋಡೆ ಇದ್ದ ಜಾಗ ದಾಟಿ, ಮೇಲಕ್ಕೆ ಈಜಿ ಹೋದವು.