ಎಲ್ಲರೂ ನೋಡಿದ ಬಿಳಿ ವ್ಯಾನ್

ನಾನು ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿಯಲ್ಲಿ ಕ್ರಿಮಿನಲ್ ಕೇಸ್ ನೋಡೋ ಲಾಯರ್. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ ಅಂದ್ಕೊಳ್ಳಿ, ವಾಷಿಂಗ್ಟನ್ ಡಿಸಿ ಗಡಿಗೆ ಅಂಟ್ಕೊಂಡೇ ಇದೆ, ಡಿಸಿಗೆ ಕೆಲಸಕ್ಕೆ ಹೋಗೋರು ಮಲಗೋಕೆ ವಾಪಸ್ ಬರೋ ಜಾಗ. 2000ದ ಜನಗಣತಿಯಲ್ಲಿ ಸುಮಾರು 8.7 ಲಕ್ಷ ಜನ. ಒಳ್ಳೆ ಸ್ಕೂಲು, ದುಬಾರಿ ಮನೆ, ಹುಲ್ಲು ಕತ್ತರಿಸಿದ ಲಾನು, ಇಲ್ಲಿ ಏನಾಗತ್ತೆ ಮಹಾ ಅನ್ನೋ ಥರದ ಊರು. ಹೊಸದಾಗಿ ಕ್ಲೈಂಟ್ ಬಂದು "ಸರ್, ನಾನು ಕಣ್ಣಾರೆ ನೋಡಿದೀನಿ" ಅಂದಾಗೆಲ್ಲ ನನಗೆ ನೆನಪಾಗೋದು ಒಂದೇ ವರ್ಷ, 2002, ನಮ್ಮ ಕಡೆ ಮೂರು ವಾರ ಎಲ್ಲಿಂದಲೋ ಗುಂಡು ಹೊಡೆದು ಕಂಡಕಂಡವರನ್ನ ಕೊಂದ ವರ್ಷ. ಈ ಸಲ ಅದನ್ನೇ ಬರೀತೀನಿ.

ಆಗ ನಾನಿನ್ನೂ ಹೊಸಬ. ರಾಕ್‌ವಿಲ್‌ನ ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ನನ್ನ ಪಾಲಿಗೆ ಬರ್ತಿದ್ದಿದ್ದು ಸ್ಪೀಡಿಂಗು, ಕುಡಿದು ಗಾಡಿ ಓಡಿಸಿದ್ದು, ಮಾಲ್‌ನಲ್ಲಿ ಕದ್ದಿದ್ದು. ಶಾಪ್‌ಲಿಫ್ಟಿಂಗ್ ಅಂದ್ರೆ ನಗಬೇಡಿ, ಎಚ್1ಬಿ ಕೆಲಸದ ವೀಸಾ ಮೇಲಿರೋರಿಗೆ ಅದೇ ಯಮ. ಜಡ್ಜು ಪಾಪ ಅಂತ ಶಿಕ್ಷೆ ಕೊಡದೆ ಒಂದು ವರ್ಷ ಪ್ರೊಬೇಷನ್ (ನಿಗಾ ಇಟ್ಟು ಬಿಡೋದು) ಹಾಕಿ ಕಳಿಸಿದ್ರೂ, ತಪ್ಪೊಪ್ಪಿಕೊಂಡಿದ್ರೆ 1996ರ ಕಾನೂನಿನ ಪ್ರಕಾರ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಶಿಕ್ಷೆ ಆದಂಗೇ. ನಲವತ್ತು ಡಾಲರಿನ ಸಾಮಾನಿಗೆ ಗ್ರೀನ್ ಕಾರ್ಡೇ ಹೋಗೋ ಪರಿಸ್ಥಿತಿ ಬರ್ತಿತ್ತು. ಅಂಥ ಕೇಸಿನಲ್ಲಿ ಸಾಕ್ಷಿ ಅಂದ್ರೆ ಅಂಗಡಿ ಸೆಕ್ಯೂರಿಟಿಯವನ ಎರಡು ಪ್ಯಾರಾ ರಿಪೋರ್ಟು, ಅವನು ನೋಡಿದ್ದು ಎಷ್ಟು, ಆಮೇಲೆ ಮ್ಯಾನೇಜರ್ ಜೊತೆ ಮಾತಾಡಿ ಸೇರಿಸ್ಕೊಂಡಿದ್ದು ಎಷ್ಟು ಅಂತ ಬಿಡಿಸೋದೇ ನನ್ನ ಕೆಲಸ. ಸಾಕ್ಷಿಯ ಬಗ್ಗೆ ನನ್ನ ಪಾಠ ಶುರುವಾಗಿದ್ದು ಇಂಥ ಚಿಲ್ಲರೆ ಕೇಸುಗಳಲ್ಲೇ, ಅಕ್ಟೋಬರಿನಲ್ಲಿ ಅದು ದೊಡ್ಡದಾಗಿ ಎದುರಿಗೆ ಬಂತು ಅಷ್ಟೆ.

ಅದಕ್ಕಿಂತ ಮುಂಚೆ ಜುಲೈ 29ಕ್ಕೆ ಕೆನ್ಸಿಂಗ್ಟನ್ ಹತ್ರ ಷಿಕಾಗೋದಿಂದ ವಾಷಿಂಗ್ಟನ್‌ಗೆ ಬರ್ತಿದ್ದ ಆಮ್‌ಟ್ರ್ಯಾಕ್ ರೈಲು ಹಳಿ ತಪ್ಪಿತ್ತು. ಸುಡೋ ಬಿಸಿಲು, ಮುಂದೆ ಹಳಿ ಸೊಟ್ಟಗಾಗಿರೋದನ್ನ ಡ್ರೈವರ್ ನೋಡಿ ಬ್ರೇಕ್ ಹಾಕಿದ, ಆದ್ರೂ ತಡ ಆಗೋಗಿತ್ತು. ನೂರರ ಹತ್ತಿರ ಜನಕ್ಕೆ ಗಾಯ, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕೊನೆಗೆ ತನಿಖೆಯವರು ಹೇಳಿದ ಕಾರಣ ಏನಪ್ಪಾ ಅಂದ್ರೆ, ಹಳಿ ರಿಪೇರಿ ಮಾಡಿದ ಮೇಲೆ ಜಲ್ಲಿಕಲ್ಲು ಸರಿಯಾಗಿ ಬಿಗಿ ಮಾಡಿರಲಿಲ್ಲ, ಬಿಸಿಲಿಗೆ ಹಳಿ ಹಿಗ್ಗಿ ಪಕ್ಕಕ್ಕೆ ಸರೀತು. ಇಲ್ಲಿ ಕಣ್ಣಿನ ಸಾಕ್ಷಿಗೆ ಹಳಿ ಅನ್ನೋ ವಸ್ತು ಜೊತೆಗಿತ್ತು, ಅಳತೆ ಇತ್ತು, ಮೆಂಟೆನೆನ್ಸ್ ದಾಖಲೆ ಇತ್ತು. ಮುಂದೆ ಹೇಳೋ ಕಥೆಯಲ್ಲಿ ಮೊದಲ ಮೂರು ವಾರ ಗುಂಡು ಬಿಟ್ರೆ ಅಂಥದ್ದು ಹೆಚ್ಚೇನೂ ಇರಲಿಲ್ಲ.

ಅಕ್ಟೋಬರ್ 2, ಬುಧವಾರ ಸಂಜೆ. ಆಸ್ಪೆನ್ ಹಿಲ್‌ನಲ್ಲಿ ಒಂದು ಕ್ರಾಫ್ಟ್ ಅಂಗಡಿ ಗಾಜಿಗೆ ಗುಂಡು ಬಿತ್ತು, ಯಾರಿಗೂ ತಾಗಲಿಲ್ಲ. ಮುಕ್ಕಾಲು ಗಂಟೆ ಆದ್ಮೇಲೆ ವೀಟನ್ ಕಡೆ ಒಂದು ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಒಬ್ಬರು ಸತ್ತರು. ಮಾರನೇ ದಿನ ಗುರುವಾರ ಬೆಳಿಗ್ಗೆ 7.41ಕ್ಕೆ ಹುಲ್ಲು ಕತ್ತರಿಸ್ತಿದ್ದವರು, 8.12ಕ್ಕೆ ಬಂಕಿನಲ್ಲಿ ಪೆಟ್ರೋಲ್ ಹಾಕಿಸ್ಕೊಳ್ತಿದ್ದ ಟ್ಯಾಕ್ಸಿ ಡ್ರೈವರ್, ಅವರು ನಮ್ಮ ಭಾರತದಿಂದ ಬಂದೋರು, 8.37ಕ್ಕೆ ಬೆಂಚಿನ ಮೇಲೆ ಕೂತಿದ್ದ ಹೆಂಗಸು, 9.58ಕ್ಕೆ ಅದೇ ಕೆನ್ಸಿಂಗ್ಟನ್‌ನಲ್ಲಿ ಗಾಡಿ ವ್ಯಾಕ್ಯೂಮ್ ಮಾಡ್ತಿದ್ದ ಇನ್ನೊಬ್ಬ ಹೆಂಗಸು. ಒಬ್ಬೊಬ್ಬರಿಗೂ ಒಂದೊಂದೇ ಗುಂಡು. ಒಬ್ಬರಿಗೊಬ್ಬರಿಗೆ ಸಂಬಂಧ ಇಲ್ಲ, ದರೋಡೆ ಇಲ್ಲ, ಜಗಳ ಇಲ್ಲ. ಹೊಡೆದವನನ್ನ ಯಾರೂ ನೋಡಲಿಲ್ಲ.

ಬೆಂಚಿನ ಹತ್ರ ಮಾತ್ರ ಒಬ್ಬ ಸಾಕ್ಷಿ, ಇಬ್ಬರಿದ್ದ ಒಂದು ಬಿಳಿ ಟ್ರಕ್ಕು ಜೋರಾಗಿ ಹೋಗಿದ್ದು ನೋಡಿದೆ ಅಂದ. ಅವನು ಸುಳ್ಳು ಹೇಳಲಿಲ್ಲ. ಟ್ರಕ್ ಹೋಗಿರಬಹುದು, ಅಮೆರಿಕದ ಸಬರ್ಬಿನಲ್ಲಿ ಕೆಲಸದ ದಿನ ಬೆಳಿಗ್ಗೆ ಬಿಳಿ ಟ್ರಕ್ಕು, ಬಿಳಿ ವ್ಯಾನು ಇಲ್ಲದ ರಸ್ತೆ ತೋರಿಸಿ ನೋಡೋಣ. ಪ್ಲಂಬರ್, ಪೇಂಟರ್, ಹೂವು ತಲುಪಿಸೋನು, ಕೇಟರಿಂಗ್‌ನವರು, ಎಲ್ಲರದ್ದೂ ಬಿಳಿಯೇ. ಗುಂಡಿನ ಸದ್ದು ಕೇಳಿ ತಲೆ ಎತ್ತಿದವನ ಕಣ್ಣಿಗೆ ಬೀಳೋದು ಚಲಿಸ್ತಿರೋ ವಸ್ತು, ನಿಂತಿರೋ ವಸ್ತು ಬೀಳಲ್ಲ. ನಿಜವಾದ ಗಾಡಿ ಬಹುಶಃ ಎಲ್ಲೋ ದೂರದಲ್ಲಿ ಸುಮ್ಮನೆ ನಿಂತಿತ್ತು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಗುರುವಾರ ರಾತ್ರಿ 9.20ಕ್ಕೆ ಡಿಸಿ ಒಳಗೆ ಜಾರ್ಜಿಯಾ ಅವೆನ್ಯೂದಲ್ಲಿ ಒಬ್ಬರನ್ನ ಕೊಂದ್ರಲ್ಲ, ಅಲ್ಲಿದ್ದವರು ಹೇಳಿದ್ದು ಲೈಟ್ ಹಾಕದೆ ನಿಧಾನಕ್ಕೆ ಹೋದ ಗಾಢ ಬಣ್ಣದ ಷೆವ್ರೊಲೆ ಕ್ಯಾಪ್ರಿಸ್ ಕಾರು ಅಂತ. ಸರಿಯಾದ ಉತ್ತರ ಎರಡನೇ ದಿನಾನೇ ಕೈಗೆ ಬಂದಿತ್ತು! ಆದ್ರೆ ಅಷ್ಟೊತ್ತಿಗೆ ಟಿವಿಯಲ್ಲಿ ಬೆಳಿಗ್ಗೆಯಿಂದ ಬಿಳಿ ಟ್ರಕ್ಕು, ಬಿಳಿ ಟ್ರಕ್ಕು ಅಂತ ಹೊಡ್ಕೊಂಡಿದ್ರು, ಈ ಮಾತು ಎಲ್ಲೋ ಕೆಳಗೆ ಸೇರಿಹೋಯ್ತು.

ಆಮೇಲಿನ ಮೂರು ವಾರ ಹೆಂಗಿತ್ತು ಅಂತ ಇಲ್ಲಿದ್ದೋರನ್ನ ಕೇಳಿ. ಸ್ಕೂಲುಗಳು ಕೋಡ್ ಬ್ಲೂ ಅಂತ ಬಾಗಿಲು ಹಾಕ್ಕೊಂಡು ಮಕ್ಕಳನ್ನ ಹೊರಗೆ ಬಿಡ್ತಿರಲಿಲ್ಲ, ಬಂಕುಗಳಿಗೆ ಟಾರ್ಪಾಲು ಕಟ್ಟಿದ್ರು, ಪೆಟ್ರೋಲ್ ಹಾಕುವಾಗ ದೊಡ್ಡ ದೊಡ್ಡೋರು ಗಾಡಿ ಹಿಂದೆ ಕುಕ್ಕರಗಾಲಲ್ಲಿ ಕೂತಿರೋರು, ಪಾರ್ಕಿಂಗ್‌ನಿಂದ ಅಂಗಡಿ ಬಾಗಿಲವರೆಗೆ ಹಾವಿನ ಥರ ಸೊಟ್ಟಸೊಟ್ಟ ಓಡೋದು. ನಮ್ಮೋರಿಗೆ ಅದು ನವರಾತ್ರಿ ಬೇರೆ, 7ನೇ ತಾರೀಖು ಶುರು, 15ಕ್ಕೆ ವಿಜಯದಶಮಿ. ಅಕ್ಕ ಆ ವರ್ಷಾನೂ ಗೊಂಬೆ ಕೂರಿಸಿದ್ಲು. ಕುಂಕುಮಕ್ಕೆ ಬರೋ ಹೆಂಗಸರು ಗಾಡಿಯನ್ನ ಗರಾಜಿನ ಒಳಗೇ ತಂದು, ಶಟರ್ ಇಳಿದ ಮೇಲೆ ಇಳೀತಿದ್ರು. ಸೀರೆ ಉಟ್ಕೊಂಡು, ಚರಪು ಕೈಯಲ್ಲಿ ಹಿಡ್ಕೊಂಡು, ಬಗ್ಗಿ ಓಡೋದು ನೋಡಿ ನಗಬೇಕೋ ಅಳಬೇಕೋ ಗೊತ್ತಾಗ್ತಿರಲಿಲ್ಲ. ಅಕ್ಟೋಬರ್ 7ರ ಬೆಳಿಗ್ಗೆಯೇ ಪಕ್ಕದ ಕೌಂಟಿಯ ಬೋವಿಯಲ್ಲಿ ಸ್ಕೂಲ್ ಮುಂದೆ 13 ವರ್ಷದ ಹುಡುಗನಿಗೆ ಹೊಡೆದಿದ್ರು, ಅವನು ಬದುಕಿದ.

ನಮ್ಮ ಭಾವನಿಗೆ ಆಗ ಒಂದು ಸಣ್ಣ ಕೇಟರಿಂಗ್ ಇತ್ತು, ಗಾಡಿ ಯಾವುದು ಅಂತ ಕೇಳಬೇಡಿ. ಎರಡು ವಾರದಲ್ಲಿ ನಾಲ್ಕು ಸಲ ನಿಲ್ಲಿಸಿದ್ರು. ಪೊಲೀಸರು ಮರ್ಯಾದೆಯಿಂದಲೇ ಮಾತಾಡ್ಸಿದ್ರಂತೆ, ಆದ್ರೆ ಹಿಂದಿನ ಬಾಗಿಲು ತೆಗೆಸಿ ಬಿಸಿಬೇಳೆಬಾತಿನ ಹಂಡೆ ನೋಡುವಾಗ ಒಬ್ಬನ ಕೈ ಸೊಂಟದ ಪಿಸ್ತೂಲಿನ ಮೇಲೇ ಇತ್ತು ಅಂತ ಭಾವ ಇವತ್ತಿಗೂ ಹೇಳ್ತಾರೆ.

ಅಕ್ಟೋಬರ್ 14ಕ್ಕೆ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಹೋಮ್ ಡಿಪೋ ಪಾರ್ಕಿಂಗ್‌ನಲ್ಲಿ ಎಫ್‌ಬಿಐನಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹೆಂಗಸು ಸತ್ತರು. ಆಗ ಒಬ್ಬ ಬಂದು ಎಲ್ಲಾನೂ ನೋಡಿದೆ ಅಂದ, ಬಂದೂಕು ಎಂಥದ್ದು, ವ್ಯಾನ್ ಎಂಥದ್ದು, ಹಿಂದಿನ ಲೈಟ್ ಒಡೆದಿತ್ತು ಅನ್ನೋವರೆಗೆ. ಪೊಲೀಸರಿಗೆ ಹಬ್ಬ. ಕೊನೆಗೆ ನೋಡಿದ್ರೆ ಆ ಹೊತ್ತಿಗೆ ಅವನು ಅಂಗಡಿ ಒಳಗಿದ್ದ, ಎಲ್ಲಾ ಕಟ್ಟುಕತೆ, ಅವನ ಮೇಲೇ ಕೇಸ್ ಆಯ್ತು. ಈ ಮನುಷ್ಯನ್ನ ನಾನು ಪಕ್ಕಕ್ಕಿಡ್ತೀನಿ. ಸುಳ್ಳು ಹೇಳೋನನ್ನ ಕೋರ್ಟಿನಲ್ಲಿ ಹಿಡಿಯೋದು ಅಷ್ಟೇನೂ ಕಷ್ಟ ಅಲ್ಲ, ಎಲ್ಲೋ ಒಂದು ಕಡೆ ಜಾರ್ತಾನೆ. ಕಷ್ಟ ಇರೋದು ಪ್ರಾಮಾಣಿಕರ ಹತ್ರ. ಅವರಿಗೆ ಏನೂ ಬೇಕಾಗಿಲ್ಲ, ಸಹಾಯ ಮಾಡಬೇಕು ಅಂತ ಬಂದಿರ್ತಾರೆ, ಧ್ವನಿ ನಡುಗಲ್ಲ, ಜ್ಯೂರಿ ನಂಬ್ತಾರೆ, ಮತ್ತೆ ತಪ್ಪಾಗಿರ್ತಾರೆ.

ಜನ ಸುಳಿವು ಕೊಡಲಿ ಅಂತ ಇಟ್ಟಿದ್ದ ಟಿಪ್‌ಲೈನ್ ಫೋನಿಗೆ ಒಂದು ಲಕ್ಷಕ್ಕೂ ಮೇಲೆ ಕರೆ ಬಂತು. ಇದರಿಂದ ಆದ ನಷ್ಟ ಬರೀ ಸಮಯದ್ದಲ್ಲ. ಕೊಲೆಗಾರರೇ ಫೋನ್ ಮಾಡ್ತಿದ್ರು, ಒಂದು ಸಲ ಅಲ್ಲ, ಹಲವು ಸಲ, ಮತ್ತೆ ಫೋನ್ ತೆಗೆದವರು ಇವನೂ ಯಾರೋ ತಲೆ ಕೆಟ್ಟವನು ಅಂತ ಇಟ್ಟುಬಿಡ್ತಿದ್ರು. ವರ್ಜೀನಿಯಾದ ಆಶ್‌ಲ್ಯಾಂಡ್‌ನಲ್ಲಿ 19ನೇ ತಾರೀಖು ಒಬ್ಬರಿಗೆ ಹೊಡೆದ ಮೇಲೆ ಬಿಟ್ಟುಹೋದ ಚೀಟಿಯಲ್ಲಿ ಒಂದು ಕೋಟಿ ಡಾಲರ್ ಕೇಳಿದ್ದಲ್ಲದೆ, ನಾವು ಫೋನ್ ಮಾಡಿದ್ರೆ ನೀವು ಕೇಳಲ್ಲ ಅಂತ ಕಂಪ್ಲೇಂಟೂ ಇತ್ತು.

ಕೇಸು ಬಿಚ್ಚಿಕೊಂಡಿದ್ದು ಅವರದ್ದೇ ಜಂಭದಿಂದ. ಮಾಂಟ್ಗೊಮರಿಯಲ್ಲಿ ನಡೆದ ಒಂದು ಲಿಕ್ಕರ್ ಸ್ಟೋರ್ ಕೊಲೆ ನೋಡ್ಕೊಳ್ಳಿ, ನಾವು ಯಾರು ಅಂತ ಗೊತ್ತಾಗತ್ತೆ ಅನ್ನೋ ಥರ ಮಾತಾಡಿದ್ರು. ನಮ್ಮ ಕೌಂಟಿಯಲ್ಲಿ ಅಂಥದ್ದು ಸಿಗಲಿಲ್ಲ, ಅದು ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರು, ಸೆಪ್ಟೆಂಬರ್ 21. ಅಲ್ಲಿ ಬಿದ್ದಿದ್ದ ಬಂದೂಕಿನ ಕ್ಯಾಟಲಾಗ್ ಮೇಲೆ ಒಂದು ಬೆರಳಚ್ಚು. ಅದನ್ನ ಫೆಡರಲ್ ದಾಖಲೆಗೆ ಹಾಕಿ ನೋಡಿದಾಗ 17 ವರ್ಷದ ಲೀ ಬಾಯ್ಡ್ ಮಾಲ್ವೋ ಸಿಕ್ಕಿದ, ವಾಷಿಂಗ್ಟನ್ ರಾಜ್ಯದಲ್ಲಿ ಇಮಿಗ್ರೇಷನ್‌ನವರು 2001ರಲ್ಲಿ ಹಿಡಿದಾಗ ತಗೊಂಡಿದ್ದ ಅಚ್ಚು ಅದು. ಅವನಿಂದ ಜಾನ್ ಅಲೆನ್ ಮುಹಮ್ಮದ್, ಅವನಿಂದ ಗಾಡಿ: ನೀಲಿ ಬಣ್ಣದ 1990ರ ಕ್ಯಾಪ್ರಿಸ್, ಹಳೇ ಪೊಲೀಸ್ ಕಾರು, ನ್ಯೂಜೆರ್ಸಿಯಲ್ಲಿ ಕೊಂಡಿದ್ದು. ಡಿಕ್ಕಿಯಲ್ಲಿ ನಂಬರ್ ಪ್ಲೇಟಿನ ಮೇಲ್ಗಡೆ ಒಂದು ತೂತು, ಹಿಂದಿನ ಸೀಟಿನಿಂದ ಒಳಗೆ ತೆವಳಿ ಹೋಗಿ ಮಲಗಿ ಗುಂಡು ಹೊಡೀಬಹುದು. ಅಕ್ಟೋಬರ್ 24ರ ನಸುಕಿನಲ್ಲಿ ಮಯರ್ಸ್‌ವಿಲ್ ಹತ್ರ ಹೈವೇ ರೆಸ್ಟ್ ಏರಿಯಾದಲ್ಲಿ ಇಬ್ಬರೂ ಅದರಲ್ಲೇ ಮಲಗಿದ್ದಾಗ ಸಿಕ್ಕಿದ್ರು, ರೇಡಿಯೋದಲ್ಲಿ ಗಾಡಿ ವಿವರ ಕೇಳಿದ್ದ ಜನ ಗುರುತು ಹಿಡಿದು ಫೋನ್ ಮಾಡಿದ್ರು. ಅಷ್ಟರಲ್ಲಿ 10 ಜನ ಸತ್ತಿದ್ರು, 3 ಜನಕ್ಕೆ ಗಾಯ.

ಆ ಕ್ಯಾಪ್ರಿಸನ್ನ ಪೊಲೀಸರು ಅದಕ್ಕೆ ಮುಂಚೆ ನೋಡಿರಲಿಲ್ಲ ಅಂತಲ್ಲ. 8ನೇ ತಾರೀಖು ಬಾಲ್ಟಿಮೋರ್‌ನಲ್ಲಿ ಮುಹಮ್ಮದ್ ಅದರಲ್ಲಿ ಮಲಗಿದ್ದಾಗ ಎಬ್ಬಿಸಿ ಮಾತಾಡ್ಸಿ ಕಳಿಸಿದ್ರು. ನಂಬರ್ ಹಲವು ಸಲ ಕಂಪ್ಯೂಟರಿಗೆ ಹಾಕಿ ನೋಡಿದ್ರು, ಕದ್ದ ಗಾಡಿ ಅಲ್ಲ, ಬಿಳಿ ಅಲ್ಲ, ವ್ಯಾನ್ ಅಲ್ಲ, ಹೋಗಪ್ಪಾ ಅಂತ ಬಿಟ್ರು. ಟಿವಿ ತಜ್ಞರು ಹೊಡೆಯೋನು ಒಂಟಿ ಬಿಳಿಯ ಅಂತ ಬೇರೆ ಹೇಳ್ತಿದ್ರು, ಇವರಿಬ್ಬರೂ ಕರಿಯರು. ಬಣ್ಣದ ಊಹೆ ಗಾಡಿಯದ್ದೂ ತಪ್ಪು, ಮನುಷ್ಯರದ್ದೂ ತಪ್ಪು. ಅವತ್ತಿನ ಪೊಲೀಸ್ ಚೀಫ್ ಚಾರ್ಲ್ಸ್ ಮೂಸ್ ಮೇಲೆ ಇದೆಲ್ಲಾ ಹೊರಿಸೋರು ಇದ್ದಾರೆ, ನಾನು ಅಷ್ಟು ಕಟುವಾಗಿ ಹೇಳಲ್ಲ. ದಿನಕ್ಕೆ ಸಾವಿರಾರು ಜನ ಒಂದೇ ಮಾತು ಹೇಳ್ತಿರುವಾಗ ಅದನ್ನ ಬದಿಗಿಡೋಕೆ ಬೇರೆ ಥರದ ಧೈರ್ಯ ಬೇಕು. ಅವರು ಪುಸ್ತಕ ಬರೆಯೋ ವಿಷಯಕ್ಕೆ ಕೌಂಟಿ ಎಥಿಕ್ಸ್ ಕಮಿಷನ್ ಜೊತೆ ತಕರಾರಾಗಿ ಮುಂದಿನ ವರ್ಷ ರಾಜೀನಾಮೆ ಕೊಟ್ರು.

ಮುಹಮ್ಮದ್‌ಗೆ ವರ್ಜೀನಿಯಾದಲ್ಲಿ ಮರಣದಂಡನೆ ಆಯ್ತು, 2009ರ ನವೆಂಬರ್ 10ಕ್ಕೆ ಜಾರಿ ಮಾಡಿದ್ರು. ಅದಕ್ಕೆ ಮುಂಚೆ 2006ರಲ್ಲಿ ನಮ್ಮ ರಾಕ್‌ವಿಲ್‌ಗೂ ತಂದು ಇಲ್ಲಿನ ಆರು ಕೊಲೆಗೆ ವಿಚಾರಣೆ ನಡೆಸಿದ್ರು. ಲಾಯರ್ ಬೇಡ ಅಂತ ತಾನೇ ವಾದ ಮಾಡಿದ, ತನ್ನ ವಿರುದ್ಧ ಸಾಕ್ಷಿ ಹೇಳೋಕೆ ಬಂದ ಮಾಲ್ವೋನನ್ನ ತಾನೇ ಪಾಟೀಸವಾಲು ಮಾಡಿದ. ನಾನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ, ಮನೆಗೆ ಬಂದು ಊಟ ಸೇರಲಿಲ್ಲ. ಇಬ್ಬರಿಗೂ ಇಲ್ಲಿ ಆರಾರು ಜೀವಾವಧಿ. ಮಾಲ್ವೋ ಆಗ ಅಪ್ರಾಪ್ತ ಅನ್ನೋ ಕಾರಣಕ್ಕೆ ಅವನ ಶಿಕ್ಷೆಯನ್ನ ಮತ್ತೆ ನೋಡಬೇಕು ಅಂತ 2022ರಲ್ಲಿ ಮೇರಿಲ್ಯಾಂಡಿನ ಮೇಲಿನ ಕೋರ್ಟು 4-3ರಲ್ಲಿ ಹೇಳ್ತು.

ಈಗ ನನ್ನ ಆಫೀಸಿಗೆ ಬನ್ನಿ. ಸಾಕ್ಷಿ ಯಾರೇ ಬರಲಿ, ಏನು ನೋಡಿದ್ರಿ ಅಂತ ನಾನು ಮೊದಲು ಕೇಳಲ್ಲ. ಮೊದಲನೇ ಸಲ ಯಾರಿಗೆ ಹೇಳಿದ್ರಿ, ಯಾವತ್ತು, ಅದಕ್ಕೆ ಮುಂಚೆ ಟಿವಿ ನೋಡಿದ್ರಾ, ಪಕ್ಕದ ಮನೆಯವರ ಜೊತೆ ಮಾತಾಡಿದ್ರಾ, ವಾಟ್ಸಾಪ್ ಗ್ರೂಪಿನಲ್ಲಿ ಏನು ಬಂದಿತ್ತು, ಫೋನ್ ತೋರಿಸಿ. ಘಟನೆ ಆದ ಕೂಡಲೇ ಗೀಚಿದ ಎರಡು ಸಾಲು, ಆರು ತಿಂಗಳಾದ ಮೇಲಿನ ಇಪ್ಪತ್ತು ಪುಟಕ್ಕಿಂತ ನನಗೆ ದೊಡ್ಡದು. ಆ ಎರಡು ಸಾಲಿನಲ್ಲಿ ಇಲ್ಲದ ವಿವರ ಆಮೇಲೆ ಬಂದಿದ್ರೆ ಎಲ್ಲಿಂದ ಬಂತು ಅಂತ ಹುಡುಕ್ತೀನಿ. ಪೊಲೀಸರು ಫೋಟೋ ತೋರಿಸಿ ಗುರುತು ಹಿಡಿಸಿದ್ರೆ, ತೋರಿಸಿದವನಿಗೆ ಆರೋಪಿ ಯಾರು ಅಂತ ಮೊದಲೇ ಗೊತ್ತಿತ್ತಾ ಅಂತ ನೋಡ್ತೀನಿ. ಗೊತ್ತಿಲ್ಲದವರೇ ತೋರಿಸಬೇಕು ಅನ್ನೋ ಥರದ ಕಾನೂನು ಇಲ್ಲಿ ಬಂದಿದ್ದೇ 2014ರಲ್ಲಿ. ಈಗ ಬಾಗಿಲಿಗೆ ಬಾಗಿಲು ಕ್ಯಾಮೆರಾ ಬಂದಿದೆ, ಆದ್ರೂ ಬೀದಿ ಗ್ರೂಪಿನಲ್ಲಿ ಯಾರೋ ಒಬ್ಬರು ಕಪ್ಪು ಹೂಡಿ ಹಾಕಿದ ಹುಡುಗ ಅಂತ ಬರೆದ್ರೆ ಸಂಜೆಯೊಳಗೆ ಏಳು ಮನೆಯವರು ಅವನನ್ನ ನೋಡಿರ್ತಾರೆ.

ನಮ್ಮ ಅಕ್ಕನೂ ಆಗ ಟಿಪ್‌ಲೈನಿಗೆ ಫೋನ್ ಮಾಡಿದ್ಲು. ಬುಧವಾರ ಸಂಜೆ ವೀಟನ್‌ನಲ್ಲಿ ತರಕಾರಿ ತಗೊಂಡು ಬರುವಾಗ ಪಾರ್ಕಿಂಗ್‌ನಲ್ಲಿ ಬಿಳಿ ವ್ಯಾನ್, ಒಳಗೆ ಇಬ್ಬರು, ಒಬ್ಬ ನನ್ನನ್ನೇ ದುರುಗುಟ್ಟಿ ನೋಡ್ತಿದ್ದ ಅಂತ. ಇದನ್ನ ನನಗೆ ಹೇಳಿದ್ದು ಶನಿವಾರ. ಗುರುವಾರ ಬೆಳಿಗ್ಗೆ ನನಗೆ ಫೋನ್ ಮಾಡಿದಾಗ ಮಕ್ಕಳ ಸ್ಕೂಲು, ಕೋಡ್ ಬ್ಲೂ ಎಲ್ಲಾ ಹತ್ತು ನಿಮಿಷ ಮಾತಾಡಿದ್ಲು, ವ್ಯಾನಿನ ಸುದ್ದಿ ಇರಲಿಲ್ಲ. ಕೊಲೆಗಾರರು ಸಿಕ್ಕಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದೆ, ಅಕ್ಕಾ, ಅದು ಕ್ಯಾಪ್ರಿಸ್ ಆಗಿತ್ತಲ್ಲ, ನಿನ್ನ ವ್ಯಾನ್ ಯಾರದ್ದು, ನಿನ್ನ ಗಂಡಂದೇ ಇರಬೇಕೇನೋ. ಭಾವ ಅನ್ನ ಕಲಸ್ತಾ ನಕ್ಕರು. ಅಕ್ಕ ಸಾರಿನ ಸೌಟು ಹಾಗೇ ಹಿಡ್ಕೊಂಡು, "ನೀನು ಲಾಯರ್ ಇರಬಹುದು ಕಣೋ, ನೋಡಿದೋಳು ನಾನು" ಅಂದ್ಲು. ಈಗಲೂ ಅದೇ ಹೇಳ್ತಾಳೆ, ವ್ಯಾನಿನ ಹಿಂದಿನ ಗಾಜು ಒಡೆದಿತ್ತು ಅನ್ನೋದು ಈಚೆಗೆ ಸೇರಿದೆ.