ಆಳಿದವರ ನಾಡಿಗೇ ಯಾಕೆ ಹೋಗುತ್ತಾರೆ?

ಓದುಗರ ಪ್ರಶ್ನೆ: ವಸಾಹತೋತ್ತರ ಕಾದಂಬರಿ ಎಂಬ ಹೆಸರಿನಲ್ಲಿ ಬಂದ ಕೆಲವನ್ನು ಓದಿದೆ. ಕೆರಿಬಿಯನ್ ದ್ವೀಪದವರಿರಲಿ, ನೈಜೀರಿಯದವರಿರಲಿ, ಪಾತ್ರಗಳು ತಮ್ಮನ್ನು ಆಳಿದ ಇಂಗ್ಲೆಂಡಿಗೇ ಹೋಗುತ್ತವೆ. ಹೋಗಿ ‘ನಾನು ಯಾರು, ಎಲ್ಲಿಯವನು’ ಎಂದು ಒದ್ದಾಡುತ್ತವೆ. ಇಷ್ಟೆಲ್ಲ ಒದ್ದಾಡುವವರು ಅಲ್ಲಿಗೇ ಯಾಕೆ ಹೋಗಬೇಕಿತ್ತು?

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಬಹಳ ಜನ ಕೇಳುತ್ತಾರೆ. ಅದರೊಳಗೆ ಒಂದು ಊಹೆ ಕೂತಿರುತ್ತದೆ: ಇವರೆಲ್ಲ ಗೊತ್ತಿದ್ದೂ ಗೊತ್ತಿದ್ದೂ ಪರದೇಶಕ್ಕೆ ಹೋದರು ಎಂದು. ಅಲ್ಲೇ ತಪ್ಪುವುದು. ಅವರ ಪಾಲಿಗೆ ಇಂಗ್ಲೆಂಡ್ ಪರದೇಶವಾಗಿರಲಿಲ್ಲ. ಅದು ನಿಮ್ಮದೇ ದೇಶ, ನೀವು ಆ ರಾಜನ ಪ್ರಜೆಗಳು ಎಂದು ಹೇಳಿಸಿಕೊಂಡೇ ಬೆಳೆದವರು ಅವರು. ನಮ್ಮದು ಅಂದುಕೊಂಡು ಹೋದ ಕಡೆ ‘ನೀನ್ಯಾರು, ಇಲ್ಲಿಗೇಕೆ ಬಂದೆ’ ಅಂತ ಕೇಳಿಸಿಕೊಂಡರೆ ಆಗುವ ಆಘಾತ ಇದು. ಗುರುತಿನ ಬಿಕ್ಕಟ್ಟು ಹಡಗು ಹತ್ತಿದ ಮೇಲೆ ಶುರುವಾದದ್ದಲ್ಲ, ಅದು ಶಾಲೆಯಲ್ಲೇ ಶುರುವಾಗಿತ್ತು.

ವಿ. ಎಸ್. ನೈಪಾಲ್ ಅವರ ‘ದಿ ಮಿಮಿಕ್ ಮೆನ್’ (1967) ನೋಡಿ. ಕೂಲಿ ಕರಾರಿನ ಮೇಲೆ ಭಾರತದಿಂದ ಟ್ರಿನಿಡಾಡಿಗೆ ಹೋದವರ ವಂಶದಲ್ಲಿ ಹುಟ್ಟಿದ ನೈಪಾಲ್, ಈ ಕಾದಂಬರಿಗಾಗಿ ಇಸಬೆಲ್ಲಾ ಎಂಬ ಕಲ್ಪಿತ ದ್ವೀಪವನ್ನು ಕಟ್ಟಿದರು. ನಿರೂಪಕ ರಾಲ್ಫ್ ಸಿಂಗ್‌ಗೆ ಶಾಲೆಯ ಮೊದಲ ನೆನಪು ಎಂದರೆ, ಟೀಚರಿಗೆ ಸೇಬು ತೆಗೆದುಕೊಂಡು ಹೋದದ್ದು. ಆದರೆ ಆ ದ್ವೀಪದಲ್ಲಿ ಸೇಬೇ ಇರಲಿಲ್ಲ. ಕಿತ್ತಳೆಯೇ ಇದ್ದಿರಬೇಕು ಎಂದು ಅವನ ಬುದ್ಧಿ ಹೇಳುತ್ತದೆ, ನೆನಪು ಮಾತ್ರ ಸೇಬೆಂದೇ ಹಟ ಹಿಡಿಯುತ್ತದೆ. ಹುಡುಗ ಇನ್ನೂ ಊರು ಬಿಟ್ಟಿಲ್ಲ, ಅವನ ನೆನಪು ಆಗಲೇ ಇಂಗ್ಲೆಂಡಿಗೆ ವಲಸೆ ಹೋಗಿಯಾಗಿದೆ. ನೈಪಾಲ್ ಅವರ ರಾಜಕೀಯ ಅಭಿಪ್ರಾಯಗಳ ಜೊತೆ ನನಗೆ ಜಗಳವಿದೆ. ಆದರೂ ವಸಾಹತು ಶಿಕ್ಷಣ ಮಗುವಿನ ತಲೆಯೊಳಗೆ ಮಾಡುವ ಕೆಲಸವನ್ನು ಇಷ್ಟು ಸಣ್ಣ ಜಾಗದಲ್ಲಿ ಹಿಡಿದಿಟ್ಟ ಇನ್ನೊಬ್ಬರು ಸಿಕ್ಕಿಲ್ಲ.

ಇದೇ ಮಗು ದೊಡ್ಡದಾಗಿ ಲಂಡನ್ನಿಗೆ ಬಂದಿಳಿದರೆ ಏನಾಗುತ್ತದೆ ಎಂಬುದು ಆಂಡ್ರಿಯಾ ಲೆವಿ ಅವರ ‘ಸ್ಮಾಲ್ ಐಲೆಂಡ್’ (2004) ಕಾದಂಬರಿಯಲ್ಲಿದೆ. 1948ರ ಜೂನ್‌ನಲ್ಲಿ ಕೆರಿಬಿಯನ್ ವಲಸಿಗರನ್ನು ಟಿಲ್ಬರಿ ಬಂದರಿಗೆ ತಂದ ‘ಎಂಪೈರ್ ವಿಂಡ್‌ರಷ್’ ಹಡಗಿನಲ್ಲಿ ಲೆವಿಯವರ ತಂದೆಯೂ ಇದ್ದರು. ಕಾದಂಬರಿಯ ಗಿಲ್ಬರ್ಟ್ ಜಮೈಕಾದವನು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಗೆ ಸೇರಿದವನು. ಇಂಗ್ಲೆಂಡಿನ ಕಾಲುವೆಗಳೆಷ್ಟು, ರೈಲು ಎಲ್ಲಿಂದ ಎಲ್ಲಿಗೆ ಓಡುತ್ತದೆ, ಯಾವ ಊರಿನಲ್ಲಿ ಏನು ತಯಾರಾಗುತ್ತದೆ ಎಂಬುದೆಲ್ಲ ಜಮೈಕಾದ ಶಾಲೆಯ ಹುಡುಗರಿಗೆ ಬಾಯಿಪಾಠ. ಜಮೈಕಾ ಎಲ್ಲಿದೆ ಎಂದು ಇಂಗ್ಲಿಷ್ ಸೈನಿಕನನ್ನು ಕೇಳಿದರೆ ಅವನಿಗೆ ಗೊತ್ತಿಲ್ಲ. ಗಿಲ್ಬರ್ಟನನ್ನು ಚುಚ್ಚುವುದು ಇದು. ಅವಮಾನಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಪ್ರೀತಿಸಿದವರಿಗೆ ನಮ್ಮ ಹೆಸರೂ ಗೊತ್ತಿಲ್ಲವಲ್ಲ ಎಂಬ ದಿಗಿಲು.

ಅವನ ಹೆಂಡತಿ ಹಾರ್ಟೆನ್ಸ್‌ಳ ಪಾಡು ಇನ್ನೂ ಕಷ್ಟದ್ದು. ಜಮೈಕಾದಲ್ಲಿ ತರಬೇತಿ ಪಡೆದ ಶಿಕ್ಷಕಿ ಅವಳು. ಅಚ್ಚುಕಟ್ಟಾಗಿ ಉಡುಪು ತೊಟ್ಟು, ಶಿಫಾರಸು ಪತ್ರ ಹಿಡಿದು ಲಂಡನ್ನಿನ ಶಿಕ್ಷಣ ಇಲಾಖೆಯ ಕಚೇರಿಗೆ ಹೋಗುತ್ತಾಳೆ. ಅಲ್ಲಿ ಕೂತ ಹೆಂಗಸು ಆ ಪತ್ರಗಳಿಗೆ ಬೆಲೆಯನ್ನೇ ಕೊಡುವುದಿಲ್ಲ, ನೀವು ಇಲ್ಲಿ ಪಾಠ ಹೇಳುವಂತಿಲ್ಲ ಎಂದು ಮಾತು ಮುಗಿಸುತ್ತಾಳೆ. ಹಾರ್ಟೆನ್ಸ್ ಅಳುವುದಿಲ್ಲ. ತಲೆಯೆತ್ತಿಕೊಂಡು, ಗತ್ತಿನಿಂದ ಎದ್ದು, ಬಾಗಿಲು ತೆಗೆದು ಒಳಹೊಕ್ಕರೆ ಅದು ಹೊರಗೆ ಹೋಗುವ ಬಾಗಿಲಲ್ಲ, ಪೊರಕೆ ಗಿರಕೆ ಇಡುವ ಗೂಡು. ಹಿಂದೆ ಕೂತವರು ನಗುತ್ತಾರೆ. ಓದುವಾಗ ನಗು ನಮಗೂ ಬಂದುಬಿಡುತ್ತದೆ, ಮರುಕ್ಷಣ ಆ ನಗುವಿಗೆ ನಾಚಿಕೆಯೂ ಆಗುತ್ತದೆ. ‘ಸಾಂಸ್ಕೃತಿಕ ಅಸ್ಮಿತೆ’ ಎಂಬ ಭಾರದ ಮಾತನ್ನು ಎಲ್ಲೂ ಬಳಸದೆ ಲೆವಿ ಅದನ್ನು ತೋರಿಸುವ ರೀತಿ ಇದು. ಹಾರ್ಟೆನ್ಸ್ ತನ್ನ ಸಂಸ್ಕೃತಿಯನ್ನೇನೂ ಕಳೆದುಕೊಂಡಿಲ್ಲ. ಅವಳು ಕಲಿತ ಇಂಗ್ಲಿಷ್‌ತನವನ್ನು ಇಂಗ್ಲೆಂಡೇ ಗುರುತಿಸಲಿಲ್ಲ, ಅಷ್ಟೆ.

ಇದರಲ್ಲಿ ಕಾನೂನಿನ ಪಾಲೂ ದೊಡ್ಡದು. ಸಾಹಿತ್ಯ ವಿಮರ್ಶೆ ಇದನ್ನು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ತಳ್ಳಿಬಿಡುತ್ತದೆ. 1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆ, ವಸಾಹತುಗಳಲ್ಲಿ ಹುಟ್ಟಿದವರನ್ನೂ ಬ್ರಿಟನ್ನಿನಲ್ಲಿ ಹುಟ್ಟಿದವರನ್ನೂ ಒಂದೇ ಪೌರತ್ವದಡಿ ಸೇರಿಸಿತು. ಜಮೈಕಾದವನು ಲಂಡನ್ನಿಗೆ ಬರುವುದು ಹಕ್ಕಾಗಿತ್ತು, ಯಾರ ದಯೆಯೂ ಅಲ್ಲ. ಯುದ್ಧಾನಂತರದ ಬ್ರಿಟನ್ನಿಗೆ ಕೆಲಸಗಾರರೂ ಬೇಕಿದ್ದರು. 1962ರ ಕಾಯ್ದೆ ಬಂದು ಕೆಲಸದ ವೋಚರ್, ಅಂದರೆ ಸರ್ಕಾರ ಕೊಡುವ ಪರವಾನಗಿ ಚೀಟಿ, ಇದ್ದರೆ ಮಾತ್ರ ಬನ್ನಿ ಎಂದಿತು. 1968ರಲ್ಲಿ ಕೀನ್ಯಾದ ಏಷ್ಯನ್ನರು, ಅಂದರೆ ಅಲ್ಲಿ ನೆಲೆಸಿದ್ದ ಭಾರತ ಉಪಖಂಡದ ಮೂಲದವರು, ಬರತೊಡಗಿದಾಗ ಕೆಲವೇ ದಿನಗಳಲ್ಲಿ ಇನ್ನೊಂದು ಕಾಯ್ದೆ: ಬ್ರಿಟಿಷ್ ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಸಾಲದು, ತಂದೆತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನ ನೆಲದವರಾಗಿರಬೇಕು. 1971ರ ಕಾಯ್ದೆ ಆ ರಕ್ತಸಂಬಂಧದ ಲೆಕ್ಕವನ್ನೇ ಗಟ್ಟಿ ಮಾಡಿತು. ಇಪ್ಪತ್ತೈದು ವರ್ಷದೊಳಗೆ ಅದೇ ಮನುಷ್ಯ ಪ್ರಜೆಯಿಂದ ವಲಸಿಗನಾದ, ತಾನು ಕದಲದೆಯೇ. ಈ ಕಥೆ ಹಳೆಯದಾಯಿತು ಅನ್ನುವ ಹಾಗೂ ಇಲ್ಲ. 2018ರಲ್ಲಿ ಬಯಲಾದ ವಿಂಡ್‌ರಷ್ ಹಗರಣದಲ್ಲಿ, ಮಕ್ಕಳಾಗಿ ಬಂದು ಅಲ್ಲೇ ಮುದುಕರಾದವರು ಕಾಗದಪತ್ರ ಇಲ್ಲವೆಂಬ ಕಾರಣಕ್ಕೆ ಕೆಲಸ, ಚಿಕಿತ್ಸೆ ಕಳೆದುಕೊಂಡಿದ್ದರು. ಕೆಲವರನ್ನು ಗಡೀಪಾರೂ ಮಾಡಲಾಗಿತ್ತು. ‘ನಾನು ಯಾರು’ ಎಂಬ ಪ್ರಶ್ನೆ ಈ ಪುಸ್ತಕಗಳಲ್ಲಿ ಆತ್ಮಜಿಜ್ಞಾಸೆಯಂತೆ ಕಂಡರೂ, ಎಷ್ಟೋ ಸಲ ಅದನ್ನು ಮೊದಲು ಕೇಳಿದ್ದು ಕೌಂಟರಿನ ಆಚೆ ಕೂತ ಅಧಿಕಾರಿ.

ಇಂಥ ಪುಸ್ತಕಗಳ ವಿಮರ್ಶೆಗಳಲ್ಲಿ ಪದೇ ಪದೇ ಬರುವ ಮಾತು ‘ತ್ರಿಶಂಕು ಸ್ಥಿತಿ’. ಎರಡು ಸಂಸ್ಕೃತಿಗಳ ನಡುವೆ ನೇತಾಡುವವರು ಎಂಬರ್ಥದಲ್ಲಿ. ಹೋಲಿಕೆ ಚೆನ್ನಾಗಿದೆ, ಅರ್ಧ ಮಾತ್ರ ಹೇಳುತ್ತಾರೆ. ತ್ರಿಶಂಕು ತಾನಾಗಿ ನಡುವೆ ನಿಲ್ಲಲಿಲ್ಲ. ಸ್ವರ್ಗಕ್ಕೆ ಹೋಗಬಹುದು ಎಂದು ಯಜ್ಞ ಮಾಡಿ ಕಳಿಸಿದವನೊಬ್ಬ, ಬಾಗಿಲಲ್ಲೇ ತಡೆದು ಕೆಳಕ್ಕೆ ದಬ್ಬಿದವನೊಬ್ಬ. ಕಳಿಸಿದವರನ್ನೂ ದಬ್ಬಿದವರನ್ನೂ ಬಿಟ್ಟು ನೇತಾಡುವವನ ಮನಸ್ಥಿತಿಯನ್ನಷ್ಟೇ ವಿಶ್ಲೇಷಿಸಿದರೆ ಇದು ಬರೀ ಹಳಹಳಿಕೆಯ ಸಾಹಿತ್ಯವಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಊರಿಂದ ತಂದ ಗುರುತು ಕರಗುವುದಷ್ಟೇ ಅಲ್ಲ, ಅಲ್ಲಿ ಹೊಸದಾಗಿ ಹಣೆಪಟ್ಟಿಯೂ ಅಂಟುತ್ತದೆ. ಸ್ಯಾಮ್ ಸೆಲ್ವನ್ ಅವರ ‘ದಿ ಲೋನ್ಲಿ ಲಂಡನರ್ಸ್’ (1956) ಕಾದಂಬರಿಯ ಮೋಸೆಸ್ ಟ್ರಿನಿಡಾಡಿನವನು. ಹೊಸದಾಗಿ ಬರುವವನೊಬ್ಬನನ್ನು ಕರೆದುಕೊಂಡು ಬರಲು ವಾಟರ್‌ಲೂ ನಿಲ್ದಾಣಕ್ಕೆ ಹೋಗಿರುತ್ತಾನೆ. ಪತ್ರಕರ್ತನೊಬ್ಬ ಬಂದು, ಈಗಷ್ಟೇ ಜಮೈಕಾದಿಂದ ಬಂದಿರಾ ಎಂದು ಕೇಳುತ್ತಾನೆ. ಮೋಸೆಸ್ ಲಂಡನ್ನಿನಲ್ಲಿ ಪಳಗಿದವನು, ಜಮೈಕಾ ಕಂಡವನೂ ಅಲ್ಲ. ಆದರೂ ಹೌದು ಎಂದು, ಅಲ್ಲಿ ಬಿರುಗಾಳಿಗೆ ಮನೆಯ ಸೂರು ಹಾರಿಹೋದ ಕಥೆಯನ್ನು ಸಲೀಸಾಗಿ ಹೊಸೆಯುತ್ತಾನೆ. ತಮ್ಮ ತಮ್ಮ ದ್ವೀಪದ ಜಂಬ ಬೇರೆ ಬೇರೆಯಾಗಿದ್ದವರೆಲ್ಲ ‘ವೆಸ್ಟ್ ಇಂಡಿಯನ್ನರು’ ಆದದ್ದು ಲಂಡನ್ನಿನ ಬಾಡಿಗೆ ಕೋಣೆಗಳಲ್ಲಿ. ಚಿಮಮಾಂಡ ನ್ಗೋಜಿ ಅಡೀಚಿಯವರ ‘ಅಮೆರಿಕಾನಾ’ (2013) ಕಾದಂಬರಿಯ ಇಫೆಮೆಲು ಕೂಡ ಇದನ್ನೇ ಹೇಳುತ್ತಾಳೆ: ನೈಜೀರಿಯದಲ್ಲಿ ಅವಳು ತನ್ನನ್ನು ಕಪ್ಪು ಹೆಣ್ಣೆಂದು ಯೋಚಿಸಿದ್ದೇ ಇಲ್ಲ, ಕಪ್ಪಾದದ್ದು ಅಮೆರಿಕಕ್ಕೆ ಬಂದ ಮೇಲೆ. ಜಮೈಕಾದಲ್ಲಿ ಹುಟ್ಟಿ 1951ರಲ್ಲಿ ಇಂಗ್ಲೆಂಡಿಗೆ ಓದಲು ಬಂದ ಚಿಂತಕ ಸ್ಟೂವರ್ಟ್ ಹಾಲ್, ಅಸ್ಮಿತೆ ಎಂದರೆ ಇರುವುದು ಎಷ್ಟೋ ಆಗುವುದೂ ಅಷ್ಟೇ ಎಂದು ವಾದಿಸಿದ್ದರ ಹಿಂದೆ ಇಂಥ ಅನುಭವವಿದೆ.

ಹೆಣ್ಣುಮಕ್ಕಳು ಬರೆದ ಕಾದಂಬರಿಗಳಿಗೆ ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಬುಚಿ ಎಮೆಚೆಟಾ ಅವರ ‘ಸೆಕೆಂಡ್ ಕ್ಲಾಸ್ ಸಿಟಿಜನ್’ (1974) ಕಾದಂಬರಿಯ ಆಡಾ, ಲಾಗೋಸ್‌ನಲ್ಲಿ ಅಮೆರಿಕನ್ ಕಾನ್ಸುಲೇಟಿನ ಗ್ರಂಥಾಲಯದಲ್ಲಿ ಒಳ್ಳೆಯ ಸಂಬಳಕ್ಕಿದ್ದವಳು, ಗಂಡನನ್ನು ಇಂಗ್ಲೆಂಡಿಗೆ ಓದಲು ಕಳಿಸಿದವಳು. ಮಕ್ಕಳೊಂದಿಗೆ ಅವಳು ಲಂಡನ್ನಿಗೆ ಬಂದಾಗ, ನೀನು ಅಲ್ಲಿ ಏನೇ ಆಗಿದ್ದಿರಬಹುದು, ಇಲ್ಲಿ ಎರಡನೇ ದರ್ಜೆಯವಳು ಎಂದು ಹೇಳುವವನು ಬಿಳಿಯನಲ್ಲ, ಅವಳ ಗಂಡನೇ. ಕರಿಯರಿಗೆ ಬಾಡಿಗೆಗಿಲ್ಲ ಎಂಬ ಬೋರ್ಡುಗಳೂ ಈ ಕಾದಂಬರಿಯಲ್ಲಿವೆ. ಆದರೆ ಅವಳು ಬರೆದ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಸುಟ್ಟು ಹಾಕುವವನು ಮನೆಯೊಳಗೇ ಇದ್ದಾನೆ. ತಾಯ್ನಾಡಿನ ಸಂಸ್ಕೃತಿಯನ್ನು ಉಳಿಸಿಕೊಳ್ಳುವುದು ಎಂದರೆ ಆಡಾಳ ಪಾಲಿಗೆ ಏನು? ಯಾರ ಸಂಸ್ಕೃತಿ, ಯಾರಿಗೆ ಅನುಕೂಲವಾಗುವ ಸಂಸ್ಕೃತಿ ಎಂದು ಕೇಳದೆ ಈ ಪುಸ್ತಕ ಓದಲಾಗುವುದಿಲ್ಲ.

ಮಕ್ಕಳ ತಲೆಮಾರಿನ ಬಗ್ಗೆ ಚುಟುಕಾಗಿ ಹೇಳುವುದಾದರೆ, ಅವರಿಗೆ ಹಿಂದಿರುಗಲು ಊರಿಲ್ಲ. ಜೇಡಿ ಸ್ಮಿತ್ ಅವರ ‘ವೈಟ್ ಟೀತ್’ (2000) ಕಾದಂಬರಿಯಲ್ಲಿ ಸಮದ್ ಇಕ್ಬಾಲ್, ಅವಳಿ ಮಕ್ಕಳಲ್ಲಿ ಒಬ್ಬನಾದರೂ ಸರಿಯಾಗಿ ಬೆಳೆಯಲಿ ಎಂದು ಮಗೀದ್‌ನನ್ನು ಬಾಂಗ್ಲಾದೇಶಕ್ಕೆ ಕಳಿಸುತ್ತಾನೆ. ಅವನು ಇಂಗ್ಲಿಷರಿಗಿಂತ ಇಂಗ್ಲಿಷಿನವನಾಗಿ, ದೇವರನ್ನೂ ಬಿಟ್ಟು ಮರಳುತ್ತಾನೆ. ಲಂಡನ್ನಿನಲ್ಲೇ ಉಳಿದ ಮಿಲ್ಲತ್ ಧಾರ್ಮಿಕ ಉಗ್ರ ಗುಂಪೊಂದನ್ನು ಸೇರುತ್ತಾನೆ. ಹನೀಫ್ ಕುರೇಶಿಯವರ ‘ದಿ ಬುದ್ಧ ಆಫ್ ಸಬರ್ಬಿಯಾ’ (1990) ಕಾದಂಬರಿಯ ಕರೀಮ್, ಭಾರತದಿಂದ ಬಂದ ತಂದೆಗೆ ಇಂಗ್ಲೆಂಡಿನಲ್ಲೇ ಹುಟ್ಟಿದವನು. ನಾಟಕದಲ್ಲಿ ‘ಜಂಗಲ್ ಬುಕ್’ನ ಕಾಡುಹುಡುಗ ಮೋಗ್ಲಿಯ ಪಾತ್ರ ಸಿಕ್ಕಾಗ ಅವನ ಮೈಗೆ ಕಂದು ಬಣ್ಣ ಬಳಿದು, ಭಾರತೀಯರ ಉಚ್ಚಾರಣೆ ಕಲಿಸಲಾಗುತ್ತದೆ. ಭಾರತೀಯನಾಗಲು ಅವನಿಗೆ ಇಂಗ್ಲಿಷ್ ನಿರ್ದೇಶಕ ತರಬೇತಿ ಕೊಡಬೇಕು!

ಇಂಥವನ್ನೆಲ್ಲ ‘ಸಂಕರ ಅಸ್ಮಿತೆ’, ಅಂದರೆ ಎರಡು ಸಂಸ್ಕೃತಿ ಬೆರೆತು ಹುಟ್ಟಿದ ಹೊಸ ಗುರುತು, ಎಂದು ಸಿದ್ಧಾಂತಿಗಳು ಹೊಗಳಿದ್ದುಂಟು, ವಸಾಹತೋತ್ತರ ಚಿಂತಕ ಹೋಮಿ ಭಾಭಾ ಅವರ 1994ರ ‘ದಿ ಲೊಕೇಷನ್ ಆಫ್ ಕಲ್ಚರ್’ ಈ ಚರ್ಚೆಯ ಕೇಂದ್ರದಲ್ಲಿದೆ. ನನಗೆ ಆ ಉತ್ಸಾಹ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಕೂತವರಿಗೆ ಸಂಕರ ಸೊಗಸಾಗಿ ಕಂಡೀತು. ‘ಅಮೆರಿಕಾನಾ’ದಲ್ಲಿ ಇಫೆಮೆಲುವಿನ ಪ್ರೇಮಿ ಒಬಿಂಜೆ ಇಂಗ್ಲೆಂಡಿಗೆ ಬಂದು, ಕೆಲಸ ಮಾಡಲು ಬೇಕಾದ ವಿಮಾ ಸಂಖ್ಯೆ ತನ್ನದಿಲ್ಲದೆ ಇನ್ನೊಬ್ಬನದರಲ್ಲಿ ದುಡಿದು, ಕಾಗದಕ್ಕಾಗಿ ಏರ್ಪಡಿಸಿಕೊಂಡ ಮದುವೆಯ ದಿನವೇ ಸಿಕ್ಕಿಬಿದ್ದು ಗಡೀಪಾರಾಗುವಾಗ ಅದರಲ್ಲಿ ಸೊಗಸೇನೂ ಇಲ್ಲ. ಸಿದ್ಧಾಂತಕ್ಕಿಂತ ಸೆಲ್ವನ್ ಅವರ ಟ್ಯಾಂಟಿ ನನಗೆ ಹೆಚ್ಚು ಹಿಡಿಸುತ್ತಾಳೆ. ಜಮೈಕಾದಿಂದ ಬಂದ ಈ ಮುದುಕಿ, ಲಂಡನ್ನಿನ ಬಿಳಿ ಅಂಗಡಿಯವನ ಹತ್ತಿರ ವಾದ ಮಾಡಿ ಮಾಡಿ ಸಾಲದ ಲೆಕ್ಕ ಬರೆಸುವ ಪದ್ಧತಿ ಶುರು ಮಾಡಿಸುತ್ತಾಳೆ. ಬದಲಾದದ್ದು ಅವಳಲ್ಲ, ಬೀದಿ.

ನನ್ನ ಉತ್ತರಕ್ಕೆ ಹೊಂದದ ಪುಸ್ತಕಗಳೂ ಇವೆ. ಅಬ್ದುಲ್‌ರಜಾಕ್ ಗುರ್ನಾ ಅವರ ‘ಬೈ ದಿ ಸೀ’ (2001) ಕಾದಂಬರಿಯ ಸಾಲೇಹ್ ಒಮರ್, ಜಾಂಜಿಬಾರಿನಿಂದ ಇಳಿವಯಸ್ಸಿನಲ್ಲಿ ಓಡಿಬಂದವನು. ಬೇರೆಯವನ ಹೆಸರಿನ ಪಾಸ್‌ಪೋರ್ಟ್ ಹಿಡಿದು ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ಇಂಗ್ಲಿಷ್ ಚೆನ್ನಾಗಿ ಬಂದರೂ ಬಾರದವನಂತೆ ನಿಲ್ಲುತ್ತಾನೆ, ಹಾಗೆ ಮಾಡು ಎಂದು ಅವನಿಗೆ ಹೇಳಿಕೊಟ್ಟಿರುತ್ತಾರೆ. ಅಧಿಕಾರಿ ಅವನ ಚೀಲ ತಡಕಿ, ಪರಿಮಳದ ಧೂಪವಿದ್ದ ಪುಟ್ಟ ಪೆಟ್ಟಿಗೆಯನ್ನು ತಾನೇ ಇಟ್ಟುಕೊಳ್ಳುತ್ತಾನೆ. ಆ ಅಧಿಕಾರಿಯ ತಂದೆತಾಯಿಯೂ ನಿರಾಶ್ರಿತರಾಗಿ ಬಂದವರೇ. ಆದರೆ ಅವರು ಯುರೋಪಿನವರು, ಹಾಗಾಗಿ ಅವರದು ಹಕ್ಕು ಎಂಬುದು ಅವನ ವಾದ. ಶಾಲೆಯ ಇಂಗ್ಲೆಂಡಿನ ಮೋಹಕ್ಕೂ ಈ ಮುದುಕನಿಗೂ ಸಂಬಂಧ ಕಡಿಮೆ, ಜೀವ ಉಳಿದರೆ ಸಾಕು ಎಂಬ ವಲಸೆ ಇದು.

ಎಲ್ಲ ಪಾತ್ರಗಳೂ ಲಂಡನ್ನಿನಲ್ಲೇ ಸಿಗುವುದಕ್ಕೆ ಇನ್ನೊಂದು ಸರಳ ಕಾರಣವಿದೆ. ಪ್ರಕಾಶಕರು ಇದ್ದದ್ದು ಅಲ್ಲಿ. ಸೆಲ್ವನ್ ಮತ್ತು ಬಾರ್ಬಡೋಸ್‌ನ ಕಾದಂಬರಿಕಾರ ಜಾರ್ಜ್ ಲ್ಯಾಮಿಂಗ್ 1950ರಲ್ಲಿ ಒಂದೇ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದರು. ಕೆರಿಬಿಯನ್ ಲೇಖಕರ ಬರಹವನ್ನು ಅವರ ದ್ವೀಪಗಳಿಗೇ ಪ್ರಸಾರ ಮಾಡುತ್ತಿದ್ದ ಬಿಬಿಸಿಯ ‘ಕೆರಿಬಿಯನ್ ವಾಯ್ಸಸ್’ ಕಾರ್ಯಕ್ರಮ ಕೂಡ ತಯಾರಾಗುತ್ತಿದ್ದದ್ದು ಲಂಡನ್ನಿನಲ್ಲಿ. ಬರೆಯುವವರು ಎಲ್ಲಿ ಸೇರಿದರೋ ಕಥೆಗಳೂ ಅಲ್ಲಿ ಸೇರಿದವು. ಹೀಗಾಗಿ ನಮ್ಮ ಕೈಗೆ ಬಂದ ಪುಸ್ತಕಗಳನ್ನು ನೋಡಿ ವಸಾಹತುಗಳ ಜನರೆಲ್ಲ ಆಳಿದವರ ಬೆನ್ನು ಹತ್ತಿದರು ಎಂದು ತೀರ್ಮಾನಿಸುವಂತಿಲ್ಲ.

ಹೋದವರು ಮರಳಿದರೆ ಸರಿಹೋಗುತ್ತದೆಯೇ ಎಂದೂ ನೀವು ಕೇಳಬಹುದು. ಸುಡಾನಿನ ತಯೀಬ್ ಸಾಲಿಹ್ ಅರಬ್ಬಿಯಲ್ಲಿ ಬರೆದ ‘ಸೀಸನ್ ಆಫ್ ಮೈಗ್ರೇಷನ್ ಟು ದಿ ನಾರ್ತ್’ (1966) ಅದಕ್ಕೇ ಇದೆ. ಇಂಗ್ಲೆಂಡಿನಿಂದ ಬಂದು ನೈಲ್ ದಂಡೆಯ ಹಳ್ಳಿಯಲ್ಲಿ ರೈತನಂತೆ ಬಾಳಿದ ಮುಸ್ತಫಾ ಸಯೀದ್‌ನ ಮನೆಯಲ್ಲಿ ಬೀಗ ಹಾಕಿದ ಕೋಣೆಯೊಂದಿರುತ್ತದೆ. ತೆರೆದರೆ ಆ ಸುಡು ಬಿಸಿಲ ನಾಡಿನಲ್ಲಿ ಇಂಗ್ಲಿಷ್ ಮಾದರಿಯ ಬೆಂಕಿಗೂಡು, ಗೋಡೆ ತುಂಬ ಇಂಗ್ಲಿಷ್ ಪುಸ್ತಕ. ಕುರಾನ್ ಕೂಡ ಇಂಗ್ಲಿಷಿನಲ್ಲಿ.

ಮುಂದೆ ಓದುವುದಿದ್ದರೆ ‘ಸ್ಮಾಲ್ ಐಲೆಂಡ್’ನಿಂದ ಶುರು ಮಾಡಿ. ನಾಲ್ಕು ಜನ ತಮ್ಮ ತಮ್ಮ ಬಾಯಿಂದಲೇ ಕಥೆ ಹೇಳುವುದರಿಂದ ಬಿಳಿಯರ ಮನೆಯೊಳಗೆ ಏನು ನಡೆಯುತ್ತಿತ್ತು ಎಂಬುದೂ ಗೊತ್ತಾಗುತ್ತದೆ. ‘ದಿ ಲೋನ್ಲಿ ಲಂಡನರ್ಸ್’ ತೆಳ್ಳಗಿನ ಪುಸ್ತಕ, ಅದರ ಕೆರಿಬಿಯನ್ ಇಂಗ್ಲಿಷ್ ಮೊದಲ ಪುಟಗಳಲ್ಲಿ ತೊಡರುತ್ತದೆ. ಗಟ್ಟಿಯಾಗಿ ಓದಿಕೊಂಡರೆ ಹತ್ತು ಪುಟದೊಳಗೆ ಕಿವಿ ಹೊಂದಿಕೊಳ್ಳುತ್ತದೆ. ‘ದಿ ಮಿಮಿಕ್ ಮೆನ್’ ಕೊನೆಗಿರಲಿ, ರಾಲ್ಫ್ ಸಿಂಗ್‌ನ ಜೊತೆ ಇಡೀ ಪುಸ್ತಕ ಕಳೆಯಲು ತಾಳ್ಮೆ ಬೇಕು.