ಗಡ್ಡೆಯಾಚೆಗಿನ ಕೆಲವು ಮಿಲಿಮೀಟರ್

ಹೊಟ್ಟೆ ಕೊಯ್ಯದೆ, ಚರ್ಮದ ಮೂಲಕ ಸೂಜಿಯೊಂದನ್ನು ಗಡ್ಡೆಯ ನಡುವಿಗೆ ಇಳಿಸಿ ಅದನ್ನು ಅಲ್ಲೇ ಸಾಯಿಸುವ ಚಿಕಿತ್ಸೆಗೆ ಅಬ್ಲೇಶನ್ ಎನ್ನುತ್ತಾರೆ. ಹೊಸ ಯಂತ್ರ ತೋರಿಸಲು ಬರುವವರೆಲ್ಲ ಮೊದಲು ಹೇಳುವುದು ಅದರ ವ್ಯಾಟ್‌ಗಳನ್ನು. ನಾನು ಕೇಳುವುದು ಬೇರೆಯದನ್ನೇ: ಗಡ್ಡೆಯ ಗಡಿಯಾಚೆ, ಎಲ್ಲ ದಿಕ್ಕುಗಳಲ್ಲೂ, ಎಷ್ಟು ಮಿಲಿಮೀಟರ್ ಸತ್ತಿದೆ ಎಂದು ಇದು ತೋರಿಸುತ್ತದೆಯೇ?

ಶಾಖದ ಲೆಕ್ಕ ಸರಳ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೀವಕೋಶ ಸಾಯಲು ಕೆಲವು ನಿಮಿಷ ಬೇಕು, 60 ದಾಟಿದರೆ ಹೆಚ್ಚುಕಡಿಮೆ ತಕ್ಷಣ. ಹಾಗೆಂದು ಶಕ್ತಿ ಏರಿಸುತ್ತಲೇ ಹೋಗುವಂತಿಲ್ಲ. ವಿದ್ಯುತ್ ಹರಿಸಿ ಬಿಸಿ ಮಾಡುವ ರೇಡಿಯೊ ತರಂಗಾಂತರದ ಸೂಜಿಯ ಸುತ್ತ 100 ಡಿಗ್ರಿ ಮೀರಿದರೆ ನೀರು ಆವಿಯಾಗಿ ಅಂಗಾಂಶ ಕರಕಲಾಗುತ್ತದೆ. ಕರಕಲಿನ ಮೂಲಕ ವಿದ್ಯುತ್ ಹರಿಯದು, ಹೀಗಾಗಿ ಶಾಖ ಮುಂದೆ ಹಬ್ಬುವುದೂ ನಿಲ್ಲುತ್ತದೆ. ಮೈಕ್ರೋವೇವ್‌ಗೆ ಈ ತೊಡಕು ಕಡಿಮೆ. ಅದು ನೀರಿನ ಅಣುಗಳನ್ನೇ ನೇರವಾಗಿ ಅಲುಗಾಡಿಸಿ ಬಿಸಿ ಮಾಡುತ್ತದೆ, ಆದ್ದರಿಂದ ಬೇಗನೆ ಹೆಚ್ಚು ಜಾಗವನ್ನು ಸುಡುತ್ತದೆ.

ಆದರೂ ರಕ್ತನಾಳಗಳು ಬಿಡಬೇಕಲ್ಲ! ಸುಮಾರು 3 ಮಿಲಿಮೀಟರ್‌ಗಿಂತ ದಪ್ಪದ ನಾಳ ಪಕ್ಕದಲ್ಲಿದ್ದರೆ ಹರಿಯುವ ರಕ್ತ ಶಾಖವನ್ನು ಹೊತ್ತೊಯ್ಯುತ್ತದೆ. ಗಡ್ಡೆ ಬದುಕಿ ಉಳಿದು ಮತ್ತೆ ಬೆಳೆಯುವುದು ಅನೇಕ ವೇಳೆ ನಾಳಕ್ಕೆ ಅಂಟಿದ ಆ ಬದಿಯಲ್ಲೇ. ಇಷ್ಟು ವ್ಯಾಟ್‌ಗೆ, ಇಷ್ಟು ನಿಮಿಷಕ್ಕೆ ಇಷ್ಟಗಲ ಸುಡುತ್ತದೆ ಎಂದು ಯಂತ್ರದ ಜೊತೆ ಬರುವ ಕೋಷ್ಟಕವನ್ನು ಬಹುತೇಕ ಸತ್ತ ಪ್ರಾಣಿಯ ಯಕೃತ್ತಿನಲ್ಲಿ ಅಳೆದಿರುತ್ತಾರೆ. ಅಲ್ಲಿ ರಕ್ತವೇ ಹರಿಯುವುದಿಲ್ಲ. ಅದನ್ನು ನಂಬಿ ಕೂತವರು ಕೊನೆಗೆ ಸ್ಕ್ಯಾನ್ ನೋಡಿ ಅಚ್ಚರಿಪಡುತ್ತಾರೆ. ಸಾಲದ್ದಕ್ಕೆ, ಸುಟ್ಟ ಅಂಗಾಂಶ ನೀರು ಕಳೆದುಕೊಂಡು ಕುಗ್ಗುವುದರಿಂದ ಆಮೇಲಿನ ಅಳತೆಯೂ ದಾರಿ ತಪ್ಪಿಸುತ್ತದೆ.

ಯಕೃತ್ತಿನಲ್ಲಿ ಗಡ್ಡೆಯ ಸುತ್ತ ಕನಿಷ್ಠ 5 ಮಿಲಿಮೀಟರ್, ದೊಡ್ಡ ಕರುಳಿನಿಂದ ಹರಡಿದ ಗಡ್ಡೆಗಾದರೆ ಸಾಧ್ಯವಿದ್ದಲ್ಲಿ 10 ಮಿಲಿಮೀಟರ್ ಸುಟ್ಟ ಅಂಚು ಬೇಕು. ಚಿಕಿತ್ಸೆಯ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕಣ್ಣಳತೆಯಲ್ಲಿ ಇದನ್ನು ತೀರ್ಮಾನಿಸುವುದು ಹಳೆಯ ಪದ್ಧತಿ. ಆದರೆ ಉಸಿರಾಟಕ್ಕೆ ಯಕೃತ್ತು ಜರುಗುತ್ತದೆ, ಮಲಗಿದ ಭಂಗಿಗೆ ತಕ್ಕಂತೆ ಆಕಾರವನ್ನೂ ಬದಲಿಸುತ್ತದೆ. ಎರಡೂ ಚಿತ್ರಗಳನ್ನು ಮೂರು ಆಯಾಮಗಳಲ್ಲಿ ಒಂದರ ಮೇಲೊಂದು ಕೂರಿಸಿ ಅಂಚನ್ನು ಅಳೆಯುವ ಸಾಫ್ಟ್‌ವೇರ್ ಈಗ ಇದೆ. ರೋಗಿ ಇನ್ನೂ ಅರಿವಳಿಕೆಯಲ್ಲಿರುವಾಗಲೇ ಅಳೆದರೆ, ಕೊರತೆ ಬಿದ್ದ ಬದಿಗೆ ಸೂಜಿ ಸರಿಸಿ ಮತ್ತೊಮ್ಮೆ ಸುಡಬಹುದು. ಈ ಕ್ಷೇತ್ರದ ನಿಜವಾದ ಸುಧಾರಣೆ ನನ್ನ ಮಟ್ಟಿಗೆ ಇದೇ. ದೊಡ್ಡ ಕರುಳಿನಿಂದ ಯಕೃತ್ತಿಗೆ ಹರಡಿದ, 3 ಸೆಂಟಿಮೀಟರ್ ಮೀರದ ಗಡ್ಡೆಗಳಿಗೆ ಅಬ್ಲೇಶನ್ ಶಸ್ತ್ರಚಿಕಿತ್ಸೆಗಿಂತ ಕಡಿಮೆಯಲ್ಲವೆಂದು ಕೊಲಿಷನ್ ಎಂಬ ಪ್ರಯೋಗ ತೋರಿಸಿದ ಮೇಲಂತೂ ಅಳತೆಯ ಶಿಸ್ತಿಗೆ ವಿನಾಯಿತಿ ಕೇಳುವಂತಿಲ್ಲ.

ಗಡ್ಡೆಯನ್ನು ಹೆಪ್ಪುಗಟ್ಟಿಸಿ ಸಾಯಿಸುವ ಶೀತದ ಚಿಕಿತ್ಸೆಗೆ ಒಂದು ಅನುಕೂಲವಿದೆ: ಆರ್ಗಾನ್ ಅನಿಲದಿಂದ ಹುಟ್ಟುವ ಮಂಜುಗಡ್ಡೆಯ ಉಂಡೆ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಕಂಡದ್ದೆಲ್ಲ ಸತ್ತಿಲ್ಲ, ನೆನಪಿರಲಿ. ಉಂಡೆಯ ಹೊರ ಅಂಚು ಸುಮಾರು 0 ಡಿಗ್ರಿಯಲ್ಲಿರುತ್ತದೆ. ಕ್ಯಾನ್ಸರ್ ಕೋಶ ಖಚಿತವಾಗಿ ಸಾಯಲು ಮೈನಸ್ 20ರಿಂದ 40 ಡಿಗ್ರಿ ಬೇಕು. ಹಾಗಾಗಿ ಮಂಜಿನ ಉಂಡೆ ಗಡ್ಡೆಯ ಗಡಿಯನ್ನು ದಾಟಿ ಸಾಕಷ್ಟು ಹೊರಚಾಚಬೇಕು.

ಪಕ್ಕದ ಕರುಳನ್ನು ಶಾಖದಿಂದ ಕಾಪಾಡಲು ನಡುವೆ ದ್ರವ ತುಂಬಿಸಿ ದೂರ ಸರಿಸುತ್ತೇವೆ. ರೇಡಿಯೊ ತರಂಗಾಂತರ ಬಳಸುವಾಗ ಅದು ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಆಗಿರಬೇಕು, ಸಲೈನ್ ಅಲ್ಲ. ಉಪ್ಪುನೀರು ವಿದ್ಯುತ್ತನ್ನು ಒಯ್ಯುತ್ತದೆ.

ಶಾಖವನ್ನು ನೆಚ್ಚದ ವಿಧಾನಗಳೂ ಇವೆ. ಸಾವಿರಾರು ವೋಲ್ಟ್‌ಗಳ ಅತಿಕಿರು ಮಿಡಿತಗಳಿಂದ ಕೋಶದ ಪೊರೆಯಲ್ಲಿ ರಂಧ್ರ ಮಾಡುವ ಎಲೆಕ್ಟ್ರೋಪೊರೇಶನ್, ನಾಳಗಳ ಗೋಡೆಯ ಚೌಕಟ್ಟನ್ನು ಬಹುಮಟ್ಟಿಗೆ ಉಳಿಸುತ್ತದೆ. ಶಾಖವೇ ಇಲ್ಲ ಎನ್ನುವುದು ಮಾತ್ರ ಅತಿಶಯೋಕ್ತಿ, ಸೂಜಿಯ ಹತ್ತಿರ ಬಿಸಿಯಾಗುತ್ತದೆ. ಶಬ್ದತರಂಗದ ಗುಳ್ಳೆಗಳಿಂದ ಅಂಗಾಂಶವನ್ನು ನುಚ್ಚುಮಾಡುವ ಹಿಸ್ಟೋಟ್ರಿಪ್ಸಿಗೆ ಯಕೃತ್ತಿನ ಗಡ್ಡೆಗಳಿಗಾಗಿ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಸೂಜಿಯೂ ಬೇಡದ ಇದು ಆಕರ್ಷಕವೇ. ಆದರೆ ಪಕ್ಕೆಲುಬು ಮತ್ತು ಕರುಳಿನ ಗಾಳಿ ತರಂಗಕ್ಕೆ ಅಡ್ಡ ಬರುತ್ತವೆ. ದೀರ್ಘಕಾಲದ ಫಲಿತಾಂಶ ಕಾಣುವ ತನಕ ನಾನು ಅವಸರಪಡುವುದಿಲ್ಲ.

ಚಿಕಿತ್ಸೆ ಪಡೆದವರು ವರದಿಯಲ್ಲಿ ‘ಪೂರ್ತಿ ಸುಡಲಾಗಿದೆ’ ಎಂಬ ಸಾಲಿಗೆ ತೃಪ್ತರಾಗದೆ, ಅತಿ ಕಡಿಮೆ ಅಂಚು ಎಷ್ಟು, ಯಾವ ಬದಿಯಲ್ಲಿ ಎಂದು ಕೇಳಬಹುದು. ಆರಂಭದ ಸ್ಕ್ಯಾನ್‌ನಲ್ಲಿ ಸುಟ್ಟ ಜಾಗದ ಸುತ್ತ ತೆಳ್ಳಗೆ, ಸಮನಾಗಿ ಹೊಳೆಯುವ ಉಂಗುರ ಕಂಡರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಉರಿಯೂತ. ಅದೇ ಉಂಗುರ ಒಂದೆಡೆ ದಪ್ಪಗೆ ಗಂಟಿನಂತೆ ಉಬ್ಬಿದ್ದರೆ ಅಲ್ಲಿ ಗಡ್ಡೆ ಉಳಿದಿರುವ ಶಂಕೆಯಿದೆ, ಮತ್ತೊಮ್ಮೆ ಸೂಜಿ ಇಳಿಸುವ ಬಗ್ಗೆ ವೈದ್ಯರೊಂದಿಗೆ ಮಾತಾಡಬೇಕು.